ಮೇಡಂ, ನನ್ನದೊಂದು ಡೌಟು

ನನ್ನ ಹೆಂಡತಿ ಹರಿಣಾಕ್ಷಿ ದುಬೈಯ ಒಂದು ಇಂಡಿಯನ್ ಸ್ಕೂಲಿನಲ್ಲಿ ಸಯನ್ಸ್ ಟೀಚರ್. ಮಕ್ಕಳು ಮನೆಯಿಂದಲೇ ಡೌಟು ಕೇಳಲಿ ಎಂದು ಶಾಲೆಯವರು ‘ಆಸ್ಕ್ ಮ್ಯಾಮ್’ ಎಂಬ ಆ್ಯಪ್ ತಂದರು ನೋಡಿ, ಅಂದಿನಿಂದ ಅವಳು ಲೋಕದ ಸಮಸ್ತ ಮಕ್ಕಳ ಮಹಾಮಾತೆ. ಗಂಡನಿಗೆ ಮಾತ್ರ ನಾಟ್ ರೀಚೆಬಲ್.

ಕರಾಮದ ಮೀನಂಗಡಿಯಲ್ಲಿ ನಿಂತು ‘ಬಂಗುಡೆಯಾ, ಅಂಜಲಾ?’ ಎಂದು ನಾನು ವಾಟ್ಸಾಪ್ ಮಾಡಿದರೆ ಉತ್ತರವಿಲ್ಲ. ಬಂಗುಡೆ ತಂದರೆ “ಅಂಜಲ್ ಸಿಗ್ಲಿಲ್ವಾ?” ಅಂಜಲ್ ತಂದರೆ “ನಾವೇನು ಬುರ್ಜ್ ಖಲೀಫಾದಲ್ಲಿ ಇರೋದಾ?” ಅದೇ ಯಾವನೋ ಪೋಕರಿ ‘ಮ್ಯಾಮ್, ಕಪ್ಪೆಗೆ ಹಲ್ಲುಂಟಾ?’ ಎಂದು ಕೇಳಲಿ, ತಕ್ಷಣ ‘ವೆರಿ ಗುಡ್ ಕ್ವೆಶ್ಚನ್, ಡಿಯರ್!’ ಜೊತೆಗೊಂದು ಬಂಗಾರದ ನಕ್ಷತ್ರ. (ಮದುವೆಯಾದಂದಿನಿಂದ ನನಗೆ ಸಿಕ್ಕಿದ್ದು ನಕ್ಷತ್ರವಲ್ಲ, ಗ್ರಹಚಾರ.)

ನಮ್ಮ ಮಗಳು ಅಶ್ಮಿತಾ ಓದುವುದು ಅಮ್ಮನ ಕ್ಲಾಸಿನಲ್ಲೇ. ಅವಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಕಾರಿನಲ್ಲಿ ಕಾಯುತ್ತಿದ್ದಾಗ ಹಿಂದಿನ ಸೀಟಿನಲ್ಲಿ ಅವಳ ಟ್ಯಾಬ್ ಕಾಣಿಸಿತು. ತಲೆಯಲ್ಲಿ ದಿವ್ಯಜ್ಯೋತಿ ಬೆಳಗಿತು. ಮಗಳ ಹೆಸರಿನಲ್ಲೇ ಬರೆದೆ: ‘ಮ್ಯಾಮ್, ಬಂಗುಡೆ, ಅಂಜಲ್ ಎರಡರಲ್ಲಿ ಇವತ್ತು ಯಾವುದು ತಿಂದರೆ ಆರೋಗ್ಯಕ್ಕೆ ಒಳ್ಳೆಯದು?’

‘ವೆರಿ ಗುಡ್ ಕ್ವೆಶ್ಚನ್, ಡಿಯರ್! ಈಗ ಬಂಗುಡೆ ತಾಜಾ ಸಿಗುತ್ತದೆ.’ ಮೇಲೆ ನಕ್ಷತ್ರ!

ಬಂಗುಡೆ ಒಯ್ದೆ. “ಇವತ್ತೇನು ಮಾರಾಯ್ರೇ, ಬುದ್ಧಿ ಬಂದಿದೆ!” ಎಂದಳು ಹರಿಣಾಕ್ಷಿ.

ಅಲ್ಲಿಂದ ನನಗೆ ಚಟ ಹತ್ತಿತು. ಮಳೆಬಿಲ್ಲು, ತಲೆಹೊಟ್ಟು, ಉಲ್ಕಾಪಾತ ಯಾವುದನ್ನೂ ಬಿಡಲಿಲ್ಲ. (‘ಮ್ಯಾಮ್, ಗೊರಕೆ ಹೊಡೆಯುವವರನ್ನು ತಿವಿಯಬಹುದೇ?’ ‘ಇಲ್ಲ, ಮೆಲ್ಲಗೆ ಮಗ್ಗುಲಿಗೆ ಹೊರಳಿಸಬೇಕು.’ ನನಗೆ ಮಾತ್ರ ಯಥಾಪ್ರಕಾರ ಮೊಣಕೈ.)

ಹೀಗಿರುವಾಗ ಸೂಪರ್‌ವೈಸರ್ ಸಫೀನಾ ಮೇಡಂ ನನ್ನನ್ನು ಶಾಲೆಗೆ ಕರೆಸಿದರು. ಅಲ್ಲಿ ಹರಿಣಾಕ್ಷಿ ಕೂತಿದ್ದಳು. ಪಕ್ಕದಲ್ಲಿ ಅಶ್ಮಿತಾ ಮುಖ ಊದಿಸಿಕೊಂಡಿದ್ದಳು.

“ಕಂಗ್ರಾಜ್ಯುಲೇಶನ್ಸ್, ಮಿಸ್ಟರ್ ತಿಲಕ್! ಇಡೀ ಶಾಲೆಯಲ್ಲಿ ಅತಿ ಹೆಚ್ಚು ಡೌಟು ಕೇಳಿದ್ದು ನಿಮ್ಮ ಮಗಳು. ಅಬುಧಾಬಿಯ ಸಯನ್ಸ್ ಕ್ವಿಝ್‌ಗೆ ಅವಳನ್ನೇ ಕಳಿಸ್ತೇವೆ.”

“ಪಪ್ಪಾ, ಐ ಡಿಡಂಟ್ ಆಸ್ಕ್ ಎನಿಥಿಂಗ್! ಐ ಹೇಟ್ ಸಯನ್ಸ್!” ಅಶ್ಮಿತಾ ಗೊಳೋ ಎಂದು ಅತ್ತುಬಿಟ್ಟಳು.

ನಾನು ಅವಳ ಕಣ್ಣೊರೆಸಿದೆ. “ಮೇಡಂ, ಆ ಡೌಟೆಲ್ಲ ನಂದೇ,” ಎಂದುಬಿಟ್ಟೆ.

“ಗೊರಕೆಯ ಡೌಟು ಬಂದಾಗಲೇ ನಂಗೆ ಸಂಶಯ ಇತ್ತು,” ಎಂದಳು ಹರಿಣಾಕ್ಷಿ ಹಲ್ಲು ಕಡಿಯುತ್ತ.

“ಆದರೂ ಡಿಯರ್ ಅಂದ್ಯಲ್ಲ!” ನಾನು ಕರಗಿಹೋದೆ.

“ಡಿಯರ್ರೂ ನಕ್ಷತ್ರವೂ ಆ್ಯಪೇ ಹಾಕೋದು. ಎಲ್ಲರಿಗೂ.”

ಸಫೀನಾ ಮೇಡಂ ನಗು ನುಂಗಿಕೊಂಡರು. “ಹಾಗಾದ್ರೆ ಮಗುವನ್ನು ಬಿಡುವಾ. ಪೋಷಕರ ಸುತ್ತೊಂದುಂಟು, ಒಬ್ಬರೂ ಹೆಸರು ಕೊಟ್ಟಿಲ್ಲ. ಯಲ್ಲಾ, ನೀವೇ ಹೊರಡಿ,” ಎಂದು ಅರಬಿ ಬೆರೆಸಿ ಅವಸರಪಡಿಸಿದರು.

ಹೊರಟೆವು. ಅಬುಧಾಬಿಯ ವೇದಿಕೆಯಲ್ಲಿ ನನ್ನ ಪಕ್ಕಕ್ಕೆ ಬೇರೆ ಶಾಲೆಯ ಹುಡುಗಿಯೊಬ್ಬಳ ಅಜ್ಜಿ, ಆಚುಮ್ಮ. “ಬೆಳಕು ಗಾಜಿನೊಳಗೆ ಓರೆಯಾಗಿ ಹೋದರೆ ಏನಾಗುತ್ತದೆ?” ಮೊದಲ ಪ್ರಶ್ನೆ ಬಂತು. “ಹೊರಗೆ ಬರುತ್ತದೆ,” ಎಂದೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. “ಬಾಗ್ತದೆ,” ಎಂದರು ಆಚುಮ್ಮ. ಮುಂದಿನದ್ದೆಲ್ಲ ಅವರದೇ. ಡೌಟು ಕೇಳುವುದರಲ್ಲಿ ನಾನು ಪಂಡಿತನೇ. ಆದರೆ ಉತ್ತರ ಓದುವ ಕೆಟ್ಟ ಅಭ್ಯಾಸ ಇರಲಿಲ್ಲ. ನನ್ನ ಕಣ್ಣೆಲ್ಲ ಆ ‘ಡಿಯರ್’ ಮೇಲೆ.

ಸೊನ್ನೆ ಸಂಪಾದಿಸಿ ಕೆಳಗಿಳಿದಾಗ ಆಚುಮ್ಮ ಬೆನ್ನು ತಟ್ಟಿದರು. “ಬೇಜಾರು ಮಾಡ್ಬೇಡ ಮಗಾ, ತಪ್ಪು ನಿಂದಲ್ಲ. ನಿಂಗೆ ಕಲಿಸಿದ ಟೀಚರ್ ಯಾರು?”

ನಾನು ಹೆಮ್ಮೆಯಿಂದ ಹರಿಣಾಕ್ಷಿಯ ಕಡೆ ತಿರುಗಿದೆ. ಅವಳು ಸೆರಗಿನಡಿ ಶಾಲೆಯ ಬ್ಯಾಡ್ಜ್ ಮುಚ್ಚಿಕೊಂಡು, “ಯಾರೋ ಗೊತ್ತಿಲ್ಲಮ್ಮಾ, ನಾನು ಬೇರೆ ಸ್ಕೂಲು,” ಎನ್ನುತ್ತ ಮಗಳ ಕೈ ಹಿಡಿದು ಹೊರಟೇಹೋದಳು.