ಏಳು ಜನರ ಏಕವಚನ

ಒಂದು ಊರು. ಆ ಊರಿಗೆ ಏಳು ರಾಜರು, ರಾಜ್ಯ ಮಾತ್ರ ಒಂದೇ. ನಡೆದದ್ದು ತೀರ ಹಿಂದೇನಲ್ಲ, ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಯಗಟಿಯಿಂದ ಎರಡು ಮೈಲಿ ಈಚೆಗೆ. ರಾಜ್ಯವೆಂದರೆ ತೆಂಗು ಬೆಳೆಗಾರರ ಸಂಘ, ರಾಜರೆಂದರೆ ಅದರ ಸಮಿತಿಯ ಏಳು ಮಂದಿ. ಅಲ್ಲಿ ಈರಣ್ಣನೆಂಬ ಹಂಗಾಮಿ ಟೈಪಿಸ್ಟನಿದ್ದ. ಕತೆಯ ರಾಕ್ಷಸನ ಜೀವ ಗಿಳಿಯೊಳಗಿದ್ದಂತೆ ಅವನ ಜೀವ ಸಂಘದ ಟೈಪ್‌ರೈಟರಿನೊಳಗಿತ್ತು. ಕೆಲಸ ಖಾಯಂ ಆದರೆ ಮಾತ್ರ ಮಗಳನ್ನು ಕೊಡುವುದಾಗಿ ತರೀಕೆರೆಯ ಸುಲೋಚನಮ್ಮ ಹೇಳಿಬಿಟ್ಟಿದ್ದರು.

ಖಾಯಂ ಮಾಡಬೇಕೆಂದು ಸಮಿತಿ ಜಿಲ್ಲಾ ಕಚೇರಿಗೆ ಬರೆಯಬೇಕಿತ್ತು. ನಾಳೆಯೇ ಕಡೆಯ ದಿನ. "ಇವತ್ತು ಏಳು ಸಹಿ ಬಿದ್ದ ಕಾಗದ ಐದು ಗಂಟೆ ಬಸ್ಸಿಗೆ ಹೋಗೇ ಹೋಗ್ತದೆ ಕಣೋ," ಎಂದು ಅಧ್ಯಕ್ಷ ಪಂಚಾಕ್ಷರಪ್ಪ ಮಾತು ಕೊಟ್ಟಿದ್ದರು. ಸಂಘದ ಪತ್ರಗಳೆಲ್ಲ ಇಂಗ್ಲಿಷಿನಲ್ಲೇ ಹೋಗುವ ರೂಢಿ. ಈರಣ್ಣ ಹತ್ತು ಗಂಟೆಗೇ ಟೈಪು ಮಾಡಿಟ್ಟ: 'ದಿ ಕಮಿಟಿ ಈಸ್ ಆಫ್ ದಿ ಒಪಿನಿಯನ್...'

ಸದಸ್ಯ ತೀರ್ಥಪ್ಪ ಪೆನ್ನಿನ ಮುಚ್ಚಳ ತೆಗೆದವರು ಹಾಗೇ ನಿಂತರು. "ಲೇ ಈರಣ್ಣ, ಈಸ್ ಅಂದ್ರೆ ಏಕವಚನ ಅಲ್ವೇನೋ?"

"ಹೌದು ಯಜಮಾನ್ರೇ. ಕಮಿಟಿ ಒಂದೇ ಅಲ್ವಾ?"

"ಮಗಳ ಕೈ ಹಿಡಿದ ಅಳಿಯನೇ ನನ್ನ ಏಕವಚನದಾಗೆ ಮಾತಾಡ್ಸಲ್ಲ. ನೀನು ಏಳು ಜನ ಹಿರಿಯರನ್ನ ಒಂದೇ ಮೂಟೆ ಕಟ್ಟಿ 'ಹೇಳ್ತಾನೆ' ಅಂತೀಯಲ್ಲೋ."

ಈರಣ್ಣ ಬಹುವಚನದ 'ಆರ್' ಹಾಕಿ ಮತ್ತೆ ಟೈಪು ಹೊಡೆದ. ಈಗ ಇನ್ನೊಬ್ಬ ಸದಸ್ಯ, ನಿವೃತ್ತ ಮೇಷ್ಟ್ರು ಓಬಳಪ್ಪನವರು ಕನ್ನಡಕ ಏರಿಸಿದರು. "ಆರ್ ಅಂತ ಬರೆದ್ರೆ ಏಳು ಜನ ಏಳು ಕಡೆ ಎಳೀತಾವ್ರೆ ಅಂತ ಅರ್ಥ ಕಣಯ್ಯಾ. ನಾಳೆನೇ ನಮ್ಮನ್ನ ಎಬ್ಬಿಸಿ ಆಡಳಿತಾಧಿಕಾರಿನ ತಂದು ಕೂರಿಸ್ತಾರೆ."

"ಎಳೀತಾ ಇಲ್ವಾ ಮತ್ತೆ?" ಎಂದರು ತೀರ್ಥಪ್ಪ.

"ನಾನೆಲ್ರೀ ಎಳೆದೆ? ಹಗ್ಗ ಬಿಡದೇ ಇರೋರು ನೀವು."

ಮಧ್ಯಾಹ್ನದೊಳಗೆ ಮೂವರು 'ಈಸ್' ಕಡೆ, ನಾಲ್ವರು 'ಆರ್' ಕಡೆ. ಊಟ ಮಾಡಿ ಬಂದಮೇಲೆ ಒಬ್ಬರು ಪಕ್ಷ ಬದಲಿಸಿದರು. ಈರಣ್ಣ ಒಂಬತ್ತು ಸಲ ಟೈಪು ಮಾಡಿದ. ಬೆರಳುಗಳು ಸುಟ್ಟ ಬದನೆಕಾಯಿಯಂತಾದವು, ಕಾರ್ಬನ್ ಮಸಿ ಮೂಗಿಗೂ ಹತ್ತಿತು. ಸಹಿ ಒಂದೂ ಬೀಳಲಿಲ್ಲ.

ನಾಲ್ಕೂವರೆಯಾಯಿತು. ಈರಣ್ಣ ಟೈಪ್‌ರೈಟರನ್ನು ಪಕ್ಕಕ್ಕೆ ತಳ್ಳಿ, ಹಾಳೆ ಎಳೆದುಕೊಂಡು, ಕೈಯಿಂದಲೇ ಕನ್ನಡದಲ್ಲಿ ದುಂಡಗೆ ಬರೆದ: 'ಟೈಪಿಸ್ಟ್ ಹುದ್ದೆ ಖಾಯಂ ಮಾಡಬೇಕೆಂದು ಸಮಿತಿಯವರು ಒಮ್ಮತದಿಂದ ತೀರ್ಮಾನಿಸಿರುತ್ತಾರೆ.'

"ಮರ್ಯಾದೆ ಐತೆ," ಎಂದರು ತೀರ್ಥಪ್ಪ.

"ಒಮ್ಮತವೂ ಐತೆ," ಎಂದರು ಮೇಷ್ಟ್ರು.

ಏಳೂ ಸಹಿ ಬಿದ್ದವು. ಈರಣ್ಣನ ಕಣ್ಣ ಮುಂದೆ ತರೀಕೆರೆಯ ಚಪ್ಪರ ಎದ್ದು ನಿಂತಿತು.

ಪಂಚಾಕ್ಷರಪ್ಪ ಹಾಳೆಯನ್ನು ಬೆಳಕಿಗೆ ಹಿಡಿದರು. "ಎಷ್ಟು ಸುಲಭವಾಗೋಯ್ತು ನೋಡ್ರಿ. ಇನ್ಮೇಲೆ ಎಲ್ಲಾ ಕಾಗದ ಹಿಂಗೇ ಕನ್ನಡದಾಗೆ, ಕೈಯಾಗೇ ಬರೆಯೋಣ. ಮೇಷ್ಟ್ರು ಮನೇಲಿ ಸುಮ್ನೆ ಕೂತವ್ರೆ, ಅಕ್ಷರ ಮುತ್ತಿನಂಗೈತೆ."

"ಆಗಲಿ, ಅದೇನು ಮಹಾ," ಎಂದರು ಮೇಷ್ಟ್ರು.

ಅಧ್ಯಕ್ಷರು ಹಾಳೆಯನ್ನು ನಿಧಾನವಾಗಿ ಎರಡು ತುಂಡು ಮಾಡಿದರು. "ಹಂಗಂದ್ಮೇಲೆ ಈರಣ್ಣ, ನಮಗೆ ಟೈಪಿಸ್ಟ್ ಯಾಕಪ್ಪಾ?"

ಏಳು ತಲೆಗಳು ಒಟ್ಟಿಗೇ ಹೌದೆಂದು ಆಡಿದವು.

"ಆದ್ರೆ ಕೊಟ್ಟ ಮಾತು ತಪ್ಪೋನಲ್ಲ ನಾನು. ಇನ್ನೊಂದು ಹಾಳೆ ತಗೋ."

ಈರಣ್ಣ ಬರೆದ: 'ಟೈಪಿಸ್ಟ್ ಹುದ್ದೆ ಅನಗತ್ಯವೆಂದು ಸಮಿತಿಯವರು ಒಮ್ಮತದಿಂದ ತೀರ್ಮಾನಿಸಿರುತ್ತಾರೆ.' ಎರಡೇ ನಿಮಿಷಕ್ಕೆ ಸಹಿಯೆಲ್ಲ ಮುಗಿಯಿತು.

ಐದಕ್ಕೆ ಬಸ್ಸು ಬಂತು. ಈರಣ್ಣ ಓಡಿಹೋಗಿ ಲಕೋಟೆಯನ್ನು ಕಂಡಕ್ಟರನ ಕೈಗಿತ್ತ. ಮಾತು ಕೊಟ್ಟಂತೆಯೇ, ಏಳು ಸಹಿ ಬಿದ್ದ ಕಾಗದ ಹೊತ್ತಿಗೆ ಸರಿಯಾಗಿ ಬಸ್ಸು ಹತ್ತಿತು.