ಹೊಟ್ಟಿ ಉರಿ ಹಿಡಿಯೋ ಮಷೀನು

ಸ್ಕ್ಯಾನ್ ಸೆಂಟರಿನ್ಯಾಗ ನನ್ನ ಕೆಲಸ ಮಂದಿ ಹೊಟ್ಟಿ ಒಳಗ ಏನದ ಅಂತ ನೋಡೋದು. ಮಷೀನು ಶುರು ಮಾಡೋದ್ರೊಳಗ ಅರ್ಧ ಅವರೇ ಹೇಳಿ ಮುಗಿಸಿರ್ತಾರ. ಸೇಡಂ ಕಡೆಯಾಕಿ ನಾನು, ಕೇಳೋ ಚಟ ನನಗೂ ಅದ.

ಯಾರಿಗೆ ಉರಿ?

ಶಹಾಬಾದದಿಂದ ಒಬ್ಬ ಕಾಕಾ ಬಂದಿದ್ರು, ಫರಸಿ ಕಲ್ಲು ಕಡಿದು ಮುಪ್ಪಾದವರು. ಹೊಟ್ಟ್ಯಾಗಿನ ದೊಡ್ಡ ರಕ್ತನಾಳ ಬಲೂನಿನಂಗ ಉಬ್ಬಿತ್ತು. ನಾಳದ ಗೋಡೆಗೆ ಉರಿಯೂತ ಹತ್ತಿದ್ರ ಆಪರೇಷನ್ ತಡ ಮಾಡೋಹಂಗಿಲ್ಲ, ನೋಡಿ ಹೇಳ್ರಿ ಅಂತ ಡಾಕ್ಟರು ಕಳಿಸಿದ್ರು. ಜೀವದ ಮಾತು. ಉರಿಯೂತ ಅಂದ್ರ ತಿಳಿಲಿಕ್ಕಿಲ್ಲ ಅಂತ ನಾನೇ ಶಾಣ್ಯಾಕಿ ಆಗಿ, "ಕಾಕಾ, ನಿಮ್ಮ ಹೊಟ್ಟ್ಯಾಗ ಉರಿ ಅದನೋ ಇಲ್ಲೋ ನೋಡ್ತೀವ್ರಿ" ಅಂದೆ.

ಕಾಕಾ ಜೊತಿಗೆ ಬಂದ, ವಾಡಿ ಊರಾಗಿರೋ ತಮ್ಮನ ಕಡೆ ಬೊಟ್ಟು ಮಾಡಿದ್ರು. "ಹಂಗಿದ್ರ ಇವನ್ನ ಮಲಗಸವ್ವ. ನಾ ಮನಿಗೆ ಸ್ಲ್ಯಾಬ್ ಹಾಕ್ಸಿದಾಗಿಂದ ಉರಿಲಿಕತ್ತಾನ."

ಸಕ್ಕರಿ ಸೂಜಿ

"ಸಕ್ಕರಿಯಂಥಾ ಔಷಧ ಸೂಜಿಲೆ ಕೊಡ್ತೀವ್ರಿ. ಉರಿ ಇದ್ದಲ್ಲಿ ಅದು ಭಾಳ ಸೇರ್ತದ, ಫೋಟೋದಾಗ ಝಗ್ ಅಂತ ಹೊಳೀತದ" ಅಂದೆ.

"ಹೊಟ್ಟಿ ಉರಿಯೋರಿಗೆ ಸಕ್ಕರಿ ಕೊಡ್ತೀರಿ? ನಮ್ಮ ಓಣಿಗೆ ಬಂದ್ರ ಲಾರಿ ತುಂಬ ತರಬೇಕಾಗ್ತದ ನೋಡವ್ವ" ಅಂದ್ರು ಕಾಕಾ.

ಬಾಯಿ ಮುಚ್ಚಿದ ತಾಸು

ಸೂಜಿ ಆದಮ್ಯಾಲೆ ತಾಸು ಹೊತ್ತು ಒಬ್ಬರೇ, ಅಲುಗಾಡದ, ಮಾತಾಡದ ಮಲಗಬೇಕು. ತಮ್ಮ ಹೊರಗ ಕ್ಯಾಮೆರಾದ ಟೀವಿ ಮುಂದ ನಿಂತು ಚಡಪಡಿಸ್ಲಿಕತ್ತ.

"ಅಕ್ಕಾರ, ದಿನಾ ಬೈಯೋ ಅಣ್ಣ ಇವತ್ತು ಬೈಯವಲ್ಲ. ನನಗ ಹೆದರಿಕಿ ಆಗ್ಲಿಕತ್ತದ. ಒಂದು ಮಾತು ಹೇಳ್ತೀನಿ, ಮೈಕ್ ಕೊಡ್ರಿ."

ಪಾಪ ಅನಿಸಿ ಕೊಟ್ಟೆ.

"ಅಣ್ಣಾ, ಸಿಮೆಂಟ್ ಫ್ಯಾಕ್ಟರ್ಯಾಗ ದುಡಿಯಾಂವ ನಾನು, ಸ್ಲ್ಯಾಬ್ ಹಾಕ್ಸಿದಾಂವ ನೀನು. ಅವತ್ತು ಖರೇನ ಹೊಟ್ಟಿ ಉರದಿತ್ತು. ನೀ ಆರಾಮಾಗಿ ಬಾ, ಸಾಕು."

ಟೀವ್ಯಾಗ ಕಾಕಾ ಮೈ ನಡುಗ್ತಿತ್ತು. "ನಗಬ್ಯಾಡ್ರಿ ಕಾಕಾ!" ಅಂದೆ. ನೋಡಿದ್ರ ಅಳ್ಲಿಕತ್ತಿದ್ರು.

ತಾಸು ಮುಗಿದ ಕೂಡಲೇ ಕಾಕಾನ ಮೊದಲ ಮಾತು: "ನಾ ಬಾಯಿ ತೆಗಿಬಾರದು ಅಂತ ಗೊತ್ತಾದ ಮ್ಯಾಲೇ ಹೇಳಿದಿ ಹೌದಿಲ್ಲೋ, ಕಳ್ಳ?"

ಮಷೀನಿನ ಮಾತು

ಫೋಟೋದಾಗ ಉಬ್ಬಿದ ನಾಳ ಎಲ್ಲೂ ಹೊಳೀಲಿಲ್ಲ. ಡಾಕ್ಟರು, "ಉಬ್ಬು ಅದ, ಆಗಾಗ ಬಂದು ತೋರಸ್ಲಿಕ್ಕೇ ಬೇಕು. ಉರಿಯೂತ ಇಲ್ಲ, ಸದ್ಯಕ್ಕ ಆಪರೇಷನ್ ಗಡಬಡಿ ಇಲ್ಲ" ಅಂದ್ರು.

ತಮ್ಮ ಅಲ್ಲೇ ಸ್ಪೀಕರ್ ಹಾಕಿ ಅತ್ತಿಗಿಗೆ ಫೋನ್ ಹಚ್ಚಿದ. ಮುಂಜಾನಿಂದ ನೀರೂ ಮುಟ್ಟದ ಕುಂತಿದ್ಲಂತ ಆಕಿ. ಖುಷಿ ತಡೀಲಾರದ ವರಾಂಡಾ ತುಂಬ ಕೇಳೋಹಂಗ ಒದರಿದ: "ವೈನೀ, ಅಣ್ಣಗ ಹೊಟ್ಟಿ ಉರಿ ಇಲ್ಲೇ ಇಲ್ಲಂತ! ಮಷೀನೇ ಹೇಳ್ಯದ!"

ಆ ಕಡೆ ಸ್ವಲ್ಪ ಹೊತ್ತು ಬಿಕ್ಕೋ ಸಪ್ಪಳ. ಆಮ್ಯಾಲೆ ಮೂಗು ಒರಸಿಕೊಂಡ ದನಿ:

"ಆ ಮಷೀನು ಕೆಟ್ಟದ. ಬ್ಯಾರೆ ಕಡೆ ತೋರಸ್ರಿ."