ಒಂದು ಓಟಿನ ಒಡೆಯರು

ಟೈಪಿಸ್ಟ್ ಆ ದಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಹಾಲು ತಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮಾತು ಮನೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವನು ಆಡಿದ್ದಾದರೂ ಏನು? "ನಂದೂ ಒಂದು ಓಟು ಇತ್ತಲ್ಲ" ಎಂದ, ಅಷ್ಟೇ. ಅದನ್ನೂ ಆಡಿದ್ದು ಹಾಲಿನ ಅಂಗಡಿಯ ಮುಂದೆ ದಾರಿಗೆ ಅಡ್ಡ ನಿಂತಿದ್ದ ಎದುರು ಮನೆಯ ದರ್ಜಿಯಿಂದ ತಪ್ಪಿಸಿಕೊಳ್ಳುವುದಕ್ಕೆ.

ಹಿಂದಿನ ದಿನ ಸಂಜೆ ಚುನಾವಣೆಯ ಫಲಿತಾಂಶ ಬಂದಿತ್ತು. ಊರವರೆಲ್ಲ ‘ಅಧ್ಯಕ್ಷರು’ ಎಂದು ಕರೆಯುತ್ತಿದ್ದ ಮನುಷ್ಯ ಒಂದೇ ಒಂದು ಓಟಿನಿಂದ ಗೆದ್ದು ಶಾಸಕರಾಗಿದ್ದರು. ಅದಕ್ಕೆ ಮುಂಚೆ ಅವರು ನಾಲ್ಕು ಸಲ ನಿಂತಿದ್ದರು, ನಾಲ್ಕು ಸಲವೂ ಸೋತಿದ್ದರು. ಸರ್ಕಾರ ಅವರ ಪಕ್ಷದ್ದೇ ಆದ್ದರಿಂದ ಸೋತಾಗಲೆಲ್ಲ ಅವರನ್ನು ಯಾವುದಾದರೊಂದು ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿ ಕಣ್ಣೀರು ಒರೆಸುತ್ತಿದ್ದರು. ಆ ಹೆಸರು ಬಂದದ್ದು ಹಾಗೆ. ಈ ಸಲ ಎಷ್ಟು ಬಾರಿ ಎಣಿಸಿದರೂ ಆ ಒಂದು ಓಟು ಅವರ ಕಡೆಗೇ ಹೆಚ್ಚಿಗೆ ಬಂತು. ಬೆಳಗಾಗುವ ಹೊತ್ತಿಗೆ ಊರಿನಲ್ಲಿ ಆ ಓಟು ತನ್ನದಲ್ಲ ಎನ್ನುವವರೇ ಉಳಿದಿರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ಯಾರಿಗೂ ಕಲಿಸಿಕೊಡಬೇಕಾಗಿಲ್ಲ.

ದರ್ಜಿ ಮಾತ್ರ ಇದನ್ನು ಲೆಕ್ಕದ ಪ್ರಕಾರ ಯೋಚಿಸಿದ್ದ.

"ನಿಲ್ಲಿ ನಿಲ್ಲಿ," ಎಂದ ಅವನು ಟೈಪಿಸ್ಟನ ಕೈ ಹಿಡಿದು. "ಮೊನ್ನೆ ನಮ್ಮ ಬೂತಲ್ಲಿ ಕೊನೇಗೆ ಬಂದೋರು ನೀವೇ ಅಲ್ವಾ? ನೀವು ಒಳಗೆ ಹೋದ್ಮೇಲೇ ತಾನೇ ಗೇಟು ಹಾಕಿದ್ದು?"

ಅದು ನಿಜವಾಗಿತ್ತು. ಟೈಪಿಸ್ಟ್ ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು, ಅವನು ಚೀಲ ಹೊತ್ತುಕೊಂಡೇ ಓಡಿಬಂದು ಒಳಗೆ ನುಸುಳಿದ್ದ. ಅವನ ಬೆನ್ನಿಗೇ ಪೊಲೀಸಿನವನು ಗೇಟು ಎಳೆದಿದ್ದ.

"ಹಾಗಾದ್ರೆ ನೀವು ಬರೋ ತನಕ ಇಬ್ರೂ ಸಮ ಸಮ ಇದ್ರು," ಎಂದ ದರ್ಜಿ. "ನೀವು ಬಂದು ಒತ್ತಿದ್ರಿ, ಅಧ್ಯಕ್ಷರು ಗೆದ್ರು. ಬೇರೆಯವರದ್ದು ಹೇಗೆ ಆಗುತ್ತೆ ಅದು?"

ಈ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ಟೈಪಿಸ್ಟನಿಗೆ ಅನ್ನಿಸಿತು. ಆದರೆ ಅದು ಎಲ್ಲಿದೆ ಎಂದು ಅವನು ಹುಡುಕುವಷ್ಟರಲ್ಲಿ ಹಾಲಿನ ಅಂಗಡಿಯವನು, ಪೇಪರ್ ಕೊಳ್ಳಲು ಬಂದವರು ಎಲ್ಲರೂ ತಲೆಯಾಡಿಸಿಬಿಟ್ಟಿದ್ದರು. ಅವನು ಹಾಲು ಹಿಡಿದು ಮನೆ ಮುಟ್ಟುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಮೇಲಿನ ಮಹಡಿಯ ಮನೆ ಓನರಮ್ಮ ಬಾಲ್ಕನಿಯಿಂದ ಬಗ್ಗಿ, ಇಂಥ ದೊಡ್ಡ ಮನುಷ್ಯನನ್ನು ಕೆಳಗಿನ ಮನೆಯಲ್ಲಿಟ್ಟುಕೊಂಡೂ ತನಗೆ ತಿಳಿಯಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡರು. ಆಮೇಲೆ ದನಿ ತಗ್ಗಿಸಿ, "ಈಗಲೇ ಹೋಗಿ ಟ್ರಾನ್ಸ್‌ಫರ್ ಕೇಳಪ್ಪ. ಇವತ್ತು ಕೇಳದೇ ಇದ್ರೆ ಇನ್ಯಾವತ್ತು ಕೇಳ್ತೀಯ?" ಎಂದರು.

ಟ್ರಾನ್ಸ್‌ಫರ್ ಎಂಬ ಮಾತಿಗೆ ಟೈಪಿಸ್ಟ್ ಕರಗಿಹೋದ. ಅವನ ಕೆಲಸ ದೂರದ ಅಣೆಕಟ್ಟಿನ ಕಚೇರಿಯಲ್ಲಿ. ಸಂಜೆ ಬಸ್ಸು ಹತ್ತಿದರೆ ಮರುದಿನ ಬೆಳಿಗ್ಗೆ ಇಳಿಯಬೇಕು. ತಿಂಗಳಿಗೆರಡು ಸಲ ಮನೆಗೆ ಬರುತ್ತಿದ್ದ. ಮಗಳಿಗೆ ಎರಡು ವರ್ಷ ತುಂಬಿತ್ತು. ಅಪ್ಪ ಎಲ್ಲಿ ಎಂದರೆ ಅವಳು ಗೋಡೆಯ ಮೇಲಿನ ಫೋಟೋ ತೋರಿಸುತ್ತಿದ್ದಳು, ಎದುರಿಗೆ ಕೂತವನನ್ನು ಮಾಮ ಎನ್ನುತ್ತಿದ್ದಳು. ಮೊದಮೊದಲು ಎಲ್ಲರೂ ನಕ್ಕಿದ್ದರು. ಈಗ ಅವನಿಗೆ ನಗು ಬರುತ್ತಿರಲಿಲ್ಲ. ಊರಿನಲ್ಲೇ ಅವನ ಇಲಾಖೆಯ ಕಚೇರಿಯಿತ್ತು, ಅಲ್ಲಿ ಟೈಪಿಸ್ಟನ ಕುರ್ಚಿ ವರ್ಷದಿಂದ ಖಾಲಿ ಬಿದ್ದಿತ್ತು.

ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ಟೈಪಿಸ್ಟ್ ಅಧ್ಯಕ್ಷರಿಗೆ ಓಟು ಹಾಕಿಯೇ ಇರಲಿಲ್ಲ. ಹೋದ ವರ್ಷ ಇದೇ ಟ್ರಾನ್ಸ್‌ಫರಿಗಾಗಿ ಅವರ ಮನೆ ಮುಂದೆ ಇಡೀ ದಿನ ಕಾದಿದ್ದ. ಸಂಜೆ ಅವರು ಕಾರು ಹತ್ತುತ್ತಾ "ನೋಡೋಣ" ಎಂದಿದ್ದರು. ಆ ಸಿಟ್ಟಿಗೆ ಅವನು ಎದುರಾಳಿಯಾದ ಗಿರಣಿ ಮಾಲೀಕನಿಗೆ ಹಾಕಿದ್ದ. ಹೆಂಡತಿಗೂ ಹಾಗೇ ಹಾಕು ಎಂದು ಫೋನಿನಲ್ಲಿ ಹೇಳಿದ್ದ, ಅವಳು ಹೂಂ ಎಂದಿದ್ದಳು.

ಆದರೂ ಸುಳ್ಳನ್ನು ಅವನಾಗಿ ಹೇಳಿರಲಿಲ್ಲವಲ್ಲ. ಬೀದಿಯವರು ಹೇಳುತ್ತಿದ್ದರು, ಅವನು ಬರೀ ಬೇಡ ಎನ್ನಲಿಲ್ಲ. ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಇಸ್ತ್ರಿ ಮಾಡಿದ ಶರಟು ತೊಟ್ಟು ಬಾಗಿಲು ತೆಗೆದ.

ಬಾಗಿಲಲ್ಲಿ ಗಿರಣಿಯ ಮ್ಯಾನೇಜರ್ ನಿಂತಿದ್ದ. ಓಟಿನ ದಿನ ಬೂತಿನ ಹೊರಗೆ ನಿಂತು ಜನರನ್ನು ಮಾತಾಡಿಸುತ್ತಿದ್ದವನು ಇವನೇ. ಓಡಿಬರುತ್ತಿದ್ದ ಟೈಪಿಸ್ಟ್ ಅವತ್ತು ಇವನಿಗೆ ಕೈಯೆತ್ತಿ, "ನಿಮ್ಮವರಿಗೇ ಸಾರ್" ಎಂದು ಕೂಗಿದ್ದ.

"ನಮ್ಮವರಿಗೇ ಅಂದ್ಯಲ್ಲೋ," ಎಂದು ಮ್ಯಾನೇಜರ್ ಅವನ ಶರಟಿನ ಎದೆ ಹಿಡಿದ. "ಈಗ ಬೀದಿಯೆಲ್ಲಾ ಬೇರೇನೇ ಹೇಳ್ತಿದೆ."

ನಿಜ ಹೇಳಿದರೆ ಮ್ಯಾನೇಜರ್ ಅಪ್ಪಿಕೊಳ್ಳುತ್ತಿದ್ದ. ಆದರೆ ಬೀದಿಯ ಜನವೆಲ್ಲ ಅಲ್ಲೇ ಸೇರಿತ್ತು, ಬಾಲ್ಕನಿಯಿಂದ ಓನರಮ್ಮ ಕಿವಿಯನ್ನೂ ಕೆಳಗಿಳಿಸಿದಂತೆ ಬಗ್ಗಿದ್ದರು. ಈಗ ನಿಜ ಹೇಳಿದರೆ ಟ್ರಾನ್ಸ್‌ಫರ್ ಹೋಯಿತು, ಹೇಳದಿದ್ದರೆ ಹಲ್ಲು ಹೋಯಿತು. ಅತ್ತ ದರಿ ಇತ್ತ ಪುಲಿ ಎಂದು ಶಾಲೆಯಲ್ಲಿ ಓದಿದ್ದು ಟೈಪಿಸ್ಟನಿಗೆ ಮೊದಲ ಸಲ ಅರ್ಥವಾಯಿತು. ಅವನು ಏನನ್ನೂ ಹೇಳದೆ ಕಾಲಿಗೆ ಬುದ್ಧಿ ಹೇಳಿದ. ಶರಟಿನ ಜೇಬು, ಎರಡು ಗುಂಡಿ, ಒಂದಿಷ್ಟು ಬಟ್ಟೆ ಮ್ಯಾನೇಜರನ ಕೈಯಲ್ಲೇ ಉಳಿದವು.

ದರ್ಜಿ ಅವನನ್ನು ತನ್ನ ಅಂಗಡಿಯೊಳಗೆ ಎಳೆದುಕೊಂಡು ಬಾಗಿಲು ಹಾಕಿದ. ಹರಿದ ಶರಟಿನಲ್ಲಿ ಶಾಸಕರ ಮುಂದೆ ನಿಲ್ಲುವುದುಂಟೇ ಎಂದು, ಗೂಟಕ್ಕೆ ನೇತು ಹಾಕಿದ್ದ ಯಾವನೋ ಗಿರಾಕಿಯ ಹೊಸ ಶರಟನ್ನು ತೊಡಿಸಿದ. ಅದಕ್ಕೆ ಇನ್ನೂ ಮಷೀನ್ ಹೊಲಿಗೆ ಬಿದ್ದಿರಲಿಲ್ಲ. ಕತ್ತಿನ ಪಟ್ಟಿ, ತೋಳು ಎಲ್ಲಾ ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ನಿಂತಿದ್ದವು. ಕೈ ಎತ್ತದೆ ಇದ್ದರೆ ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿ, ದರ್ಜಿ ಅವನನ್ನು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೊರಟ.

ಶಾಸಕರ ಮನೆ ಮುಂದೆ ಕಾಲಿಡಲು ಜಾಗವಿರಲಿಲ್ಲ. ನಲವತ್ತು ಜನವಾದರೂ ಇದ್ದರು, ಎಲ್ಲರೂ ಆ ಒಂದು ಓಟಿನ ಒಡೆಯರೇ. ಒಬ್ಬ ಮುದುಕ ಆಸ್ಪತ್ರೆಯ ಮಂಚದಿಂದ ಎದ್ದುಬಂದು ಹಾಕಿದ್ದನಂತೆ. ಒಂದು ಜೋಡಿ ಗಂಡ ಹೆಂಡತಿ, ಆ ಓಟು ನನ್ನದು ಎಂದು ಒಬ್ಬರಿಗೊಬ್ಬರು ಮುಖ ಕೊಡದೆ ನಿಂತಿದ್ದರು. ಮೂಲೆಯಲ್ಲಿ ನಿಂತವನ ಓಟು ಪಕ್ಕದ ಕ್ಷೇತ್ರದಲ್ಲಿತ್ತು. ತಾನು ಇಲ್ಲಿದ್ದಿದ್ದರೆ ಹಾಕೇ ಹಾಕುತ್ತಿದ್ದೆ ಎಂಬುದು ಅವನ ವಾದ. ಕೆಲವರಿಗೆ ಚರಂಡಿ ಬೇಕಾಗಿತ್ತು, ಕೆಲವರಿಗೆ ಮಗನಿಗೆ ಕೆಲಸ, ಒಬ್ಬನಿಗೆ ಪಕ್ಕದ ಮನೆಯವನ ನಾಯಿ ಬೊಗಳದಂತೆ ಆಗಬೇಕಾಗಿತ್ತು.

ಬಾಗಿಲು ತೆರೆದು ಶಾಸಕರು ಹೊರಬಂದರು. ನಿದ್ದೆಯಿಲ್ಲದ ಕಣ್ಣು, ಕತ್ತಿನಲ್ಲಿ ಬಾಡಿದ ಹಾರ. ದರ್ಜಿಗೆ ಅಷ್ಟೇ ಸಾಕಾಗಿತ್ತು. "ಸಾರ್, ಕೊನೇ ಓಟು ಹಾಕಿದೋರು ಇಲ್ಲಿದ್ದಾರೆ," ಎಂದು ಟೈಪಿಸ್ಟನ ಕೈಯನ್ನು ಹಿಡಿದು ಮೇಲಕ್ಕೆತ್ತಿದ. ಎತ್ತಬೇಡ ಎಂದು ತಾನೇ ಹೇಳಿದ್ದು ಅವನಿಗೆ ಮರೆತುಹೋಗಿತ್ತು. ತೋಳು ಸರಕ್ಕನೆ ಕಿತ್ತು ದರ್ಜಿಯ ಕೈಗೆ ಬಂತು. ಜನ ನಕ್ಕರು. ಶಾಸಕರು ಮಾತ್ರ ನಗಲಿಲ್ಲ. ಒಂದು ತೋಳಿನ ಟೈಪಿಸ್ಟನನ್ನು ಮೇಲಿನಿಂದ ಕೆಳಗೆ ನೋಡಿ, ಅವನೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ಕೆಲಸ ಆಯಿತು ಬಿಡಿ ಎಂದು ಹೊರಗೆ ದರ್ಜಿ ಎಲ್ಲರಿಗೂ ಹೇಳುತ್ತಿದ್ದದ್ದು ಒಳಗೂ ಕೇಳಿಸಿತು.

ಒಳಗೆ ದಿಂಬಿನ ಕೆಳಗೆ ಫೋನು ಬಡಿದುಕೊಳ್ಳುತ್ತಿತ್ತು. ಶಾಸಕರು ಇನ್ನೊಂದು ದಿಂಬು ತಂದು ಅದರ ಮೇಲೆ ಹೇರಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೇಳಿದರು:

"ಹೇಳಪ್ಪ, ನಿನಗೆ ನಾನೇನು ಅನ್ಯಾಯ ಮಾಡಿದ್ದೆ?"

ಟೈಪಿಸ್ಟನಿಗೆ ಏನೂ ಅರ್ಥವಾಗಲಿಲ್ಲ.

"ಮೊದಲನೇ ಸಲ ಸೋತೆ, ಉಗ್ರಾಣ ಮಂಡಳಿ ಕೊಟ್ರು. ಎರಡನೇ ಸಲ ಕೋಳಿ ಸಾಕಣೆ. ಆಮೇಲೆ ಇನ್ನೂ ಎರಡು. ಕಾರು, ಮನೆ, ಇಬ್ಬರು ಜವಾನರು, ವರ್ಷಕ್ಕೆ ನಾಲ್ಕು ಸಭೆ. ಸೋತವನ ಹತ್ರ ಬಂದು ಚರಂಡಿ ಮಾಡಿಸಿಕೊಡಿ ಅಂತ ಯಾರಾದ್ರೂ ಕೇಳ್ತಾರಾ? ಸುಖವಾಗಿದ್ದೆ. ಈ ಸಲ ಗೃಹ ಮಂಡಳಿ ಇಟ್ಟಿದ್ರು, ಅದೇ ಎಲ್ಲಕ್ಕಿಂತ ದೊಡ್ಡದು. ನೆನ್ನೆ ರಾತ್ರೀನೇ ಅದನ್ನ ಪಕ್ಕದ ಕ್ಷೇತ್ರದೋನಿಗೆ ಕೊಟ್ಬಿಟ್ರು. ಮೂವತ್ತು ಸಾವಿರ ಓಟಿಂದ ಸೋತಿದ್ದಾನೆ ಅವನು. ಪುಣ್ಯವಂತ."

ಹೊಸ ಶಾಸಕರಿಗೆ ಮಂತ್ರಿ ಪದವಿ ಸಿಗುವುದಿಲ್ಲ, ಮಂಡಳಿಯೂ ಸಿಗುವುದಿಲ್ಲ. ಸಿಗುವುದು ಹೊರಗೆ ನಿಂತ ನಲವತ್ತು ಜನ ಮಾತ್ರ ಎಂದು ಅವರು ಬಿಡಿಸಿ ಹೇಳಿದರು. ಬೆಳಗಿನ ಜಾವ ಐದಕ್ಕೇ ನಾಯಿಯ ವಿಷಯದವನು ಬಂದು ಕೂತಿದ್ದನಂತೆ. ಹೇಳುತ್ತಾ ಹೇಳುತ್ತಾ ಅವರ ದುಃಖ ಸಿಟ್ಟಿಗೆ ತಿರುಗಿತು. ನೀನು ಯಾವ ಇಲಾಖೆ, ಎಲ್ಲಿ ಕೆಲಸ ಎಂದು ವಿಚಾರಿಸಿ, ಇದಕ್ಕಿಂತ ದೂರ ಇನ್ನೊಂದು ಅಣೆಕಟ್ಟು ಕಟ್ಟುತ್ತಿದ್ದಾರೆ, ಗುಡ್ಡದ ಮೇಲೆ, ಅಲ್ಲಿಗೆ ಬಸ್ಸೂ ಇಲ್ಲ, ನಾಳೆಯೇ ನಿನ್ನನ್ನು ಅಲ್ಲಿಗೆ ಹಾಕಿಸುತ್ತೇನೆ ಎಂದು ಫೋನು ತೆಗೆಯಲು ದಿಂಬಿನ ಕೆಳಗೆ ಕೈ ಹಾಕಿದರು.

ಟೈಪಿಸ್ಟನ ಕಣ್ಣ ಮುಂದೆ ಮಗಳು ಬಂದಳು. ಇನ್ನು ಅವಳು ಫೋಟೋವನ್ನೂ ಮಾಮ ಎನ್ನುತ್ತಾಳೆ ಎನಿಸಿತು. ಅವನು ಶಾಸಕರ ಕೈ ಹಿಡಿದುಕೊಂಡ.

"ಸಾರ್, ನಾನು ಹಾಕಿಲ್ಲ ಸಾರ್. ನಾನು ಗಿರಣಿಯೋರಿಗೆ ಹಾಕ್ದೆ. ಸತ್ಯವಾಗ್ಲೂ."

ಶಾಸಕರ ಕೈ ನಿಂತಿತು. ಅವನ ಮುಖವನ್ನು ತುಂಬಾ ಹೊತ್ತು ನೋಡಿ, ಅದರಲ್ಲಿ ಸುಳ್ಳಿಲ್ಲ ಎಂದು ಕಂಡುಕೊಂಡರು. ಅವರ ಕಣ್ಣು ಒದ್ದೆಯಾದವು.

"ನಾನೂ ಅವನಿಗೇ ಹಾಕಿದ್ದಪ್ಪ," ಎಂದರು ಮೆಲ್ಲಗೆ.

ಇಡೀ ಊರಿನಲ್ಲಿ ತನಗೆ ಒಳ್ಳೆಯದನ್ನು ಬಯಸಿದವನು ನೀನೊಬ್ಬನೇ ಎಂದು ಶಾಸಕರು ಅವನ ಬೆನ್ನು ತಡವಿದರು. ಈಗ ಟ್ರಾನ್ಸ್‌ಫರ್ ಕೇಳಲು ಇದಕ್ಕಿಂತ ಒಳ್ಳೆಯ ಗಳಿಗೆಯಿಲ್ಲ ಎಂದುಕೊಂಡು ಟೈಪಿಸ್ಟ್ ತನ್ನ ಕಷ್ಟವನ್ನೆಲ್ಲ ತೋಡಿಕೊಂಡ. ಅವರು ಅರ್ಧಕ್ಕೇ ತಡೆದು, ಟ್ರಾನ್ಸ್‌ಫರ್ ಆಯಿತೆಂದು ತಿಳಿ ಎಂದರು. ಅಲ್ಲೇ ಅವನ ಇಲಾಖೆಯ ಮುಖ್ಯಸ್ಥರಿಗೆ ಫೋನು ಮಾಡಿ, ಹೆಸರು ಹೇಳಿ, ಇವತ್ತಿನಿಂದಲೇ ಇವನು ನನ್ನ ಆಪ್ತ ಸಹಾಯಕ, ರಾಜಧಾನಿಯ ನನ್ನ ಕಚೇರಿಗೆ ಕಳಿಸಿಕೊಡಿ ಎಂದರು. ಆ ಕಡೆಯವರು ಒಪ್ಪಿಕೊಳ್ಳುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ರಾಜಧಾನಿ ಅಣೆಕಟ್ಟಿಗಿಂತ ದೂರ. "ಸಾರ್, ನಾನು ಕೇಳಿದ್ದು ಈ ಊರಿಗೆ," ಎಂದ ಟೈಪಿಸ್ಟ್ ಅಳುವ ದನಿಯಲ್ಲಿ.

"ನನಗೂ ಈ ಊರಲ್ಲೇ ಇರೋ ಆಸೆ. ಬಿಡ್ತಾರಾ ಹೇಳು?" ಎಂದರು ಶಾಸಕರು. "ಸುಳ್ಳು ಹೇಳೋರು ನಲವತ್ತು ಜನ ಇದ್ದಾರೆ. ನಿಜ ಹೇಳೋನು ಒಬ್ಬ ಸಿಕ್ಕಿದ್ದೀಯ, ಬಿಟ್ಟುಬಿಡ್ಲಾ? ಸಂಜೆ ನನ್ನ ಕಾರಲ್ಲೇ ಹೋಗೋಣ."

ಸಂಜೆ ಬೀದಿಗೆ ಬೀದಿಯೇ ಅವನ ಮನೆಯಲ್ಲಿತ್ತು. ಇದನ್ನೆಲ್ಲ ಮಾಡಿಸಿದ್ದು ತಾನೇ ಎಂದು ದರ್ಜಿ ಬಂದವರಿಗೆಲ್ಲ ಹೇಳುತ್ತಿದ್ದ. ಗಿರಣಿಯ ಮ್ಯಾನೇಜರ್ ಕೂಡ ಜೇಬನ್ನೂ ಗುಂಡಿಯನ್ನೂ ತಂದುಕೊಟ್ಟು, ತನ್ನ ತಮ್ಮನಿಗೊಂದು ಕೆಲಸ ನೋಡಬೇಕೆಂದು ಕೈಮುಗಿದ. ಟೈಪಿಸ್ಟ್ ಎಲ್ಲರಿಗೂ "ನೋಡೋಣ" ಎಂದ. ಆ ಮಾತು ಇಷ್ಟು ಸುಲಭವಾಗಿ ಬಾಯಿಗೆ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಒಳಗೆ ಹೆಂಡತಿ ಅವನ ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಅವನು ಬಾಗಿಲು ಮುಂದೆ ಮಾಡಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಅವಳು ಮಡಿಸುವುದನ್ನು ನಿಲ್ಲಿಸಿ ನೆಲ ನೋಡುತ್ತಾ ಕೂತಳು.

"ಒಂದು ಮಾತು ಹೇಳ್ತೀನಿ, ಬೈಬಾರ್ದು," ಎಂದಳು.

"ಹೇಳು."

"ಆ ಒಂದು ಓಟು ನಂದು ಕಣ್ರೀ."

ಅವನು ಪೆಟ್ಟಿಗೆಯ ಪಕ್ಕದಲ್ಲೇ ಕೂತುಬಿಟ್ಟ.

"ನೀವು ಗಿರಣಿಯೋರಿಗೆ ಹಾಕು ಅಂದ್ರಿ, ಹೂಂ ಅಂದೆ. ಆದ್ರೆ ಅಲ್ಲಿ ನಿಂತಾಗ ಕೈ ಬರ್ಲಿಲ್ಲ. ಅಧ್ಯಕ್ಷರು ಗೆದ್ರೆ ಸರ್ಕಾರ ಅವರದ್ದೇ, ನಿಮ್ಮನ್ನ ಊರಿಗೆ ಕರೆಸ್ತಾರೇನೋ ಅನ್ನಿಸ್ತು. ಅದಕ್ಕೇ ಅವ್ರಿಗೇ ಹಾಕ್ದೆ."

ಹೊರಗೆ ಶಾಸಕರ ಕಾರಿನ ಹಾರ್ನ್ ಕೇಳಿಸಿತು, ಹಿಂದೆಯೇ ಕಾರು ಬಂತೆಂದು ಓನರಮ್ಮ ಮೇಲಿನಿಂದ ಕೂಗಿ ಹೇಳಿದ್ದೂ ಕೇಳಿಸಿತು.

"ನಾನೇ ಹೋಗಿ ಹೇಳ್ಲಾ?" ಎಂದಳು ಹೆಂಡತಿ, ಕಣ್ಣೊರೆಸಿಕೊಂಡು. "ತಪ್ಪು ನಂದು, ಇವ್ರನ್ನ ಬಿಟ್ಬಿಡಿ ಅಂತ?"

ಟೈಪಿಸ್ಟ್ ಪೆಟ್ಟಿಗೆ ಮುಚ್ಚಿ ಎದ್ದು ನಿಂತ.

"ಬೇಡ ಬಿಡು," ಎಂದ. "ಬೆಳಗಿಂದ ನಲವತ್ತು ಜನ ಅದನ್ನೇ ಹೇಳಿದ್ದಾರೆ. ಅವರು ನಂಬಲ್ಲ."